ಹದಿಮೂರೂವರೆ ಕೋಟಿಯ ಕೂಡೋ ಲೆಕ್ಕ: ಜಯಲಲಿತಾ ಅಪೀಲಿನಲ್ಲಿ ನಿಜಕ್ಕೂ ಆಗಿದ್ದೇನು?

ಇದು ಈ ವಾರದ ಎಪಿಸೋಡ್‌ನ ಬರಹ ರೂಪ. ಕೇಳೋಕೆ ಪುರುಸೊತ್ತಿಲ್ಲದವರು ಓದ್ಕೊಳ್ಳಿ. ಕೇಳಿದವರೂ ಒಂದ್ಸಲ ಕಣ್ಣಾಡಿಸಿ, ಯಾಕಂದ್ರೆ ಈ ಸಲ ಅಂಕಿಗಳು ಜಾಸ್ತಿ. ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೋಟಿ ಲೆಕ್ಕ ಹಿಡಿಯೋದು ಕಷ್ಟ.

ತುಂಬಾ ಜನ ಕೇಳೋ ಪ್ರಶ್ನೆ ಒಂದಿದೆ. ಕೆಳಗಿನ ಕೋರ್ಟು ಭ್ರಷ್ಟಾಚಾರ ಕೇಸಲ್ಲಿ ಅಧಿಕಾರಿಗೋ ಮಂತ್ರಿಗೋ ಶಿಕ್ಷೆ ಕೊಡುತ್ತೆ. ಟಿವಿಯಲ್ಲಿ ದೊಡ್ಡ ಸುದ್ದಿ ಆಗುತ್ತೆ. ಆಮೇಲೆ ಅವರು ಮೇಲಿನ ಕೋರ್ಟಿಗೆ ಅಪೀಲು ಹೋಗ್ತಾರೆ, ಒಂದು ದಿನ ಖುಲಾಸೆ ಆಗಿ ಹೊರಗೆ ಬರ್ತಾರೆ. ಹಾಗಾದ್ರೆ ಮೊದಲಿನ ಜಡ್ಜು ಹೇಳಿದ್ದು ಸುಳ್ಳಾ? ಅಪೀಲಲ್ಲಿ ಏನು ನಡೆಯುತ್ತೆ?

ಇದಕ್ಕೆ ಉತ್ತರ ಹೇಳೋಕೆ ನಾನು ಆರಿಸ್ಕೊಂಡಿರೋದು ನಮ್ಮ ಬೆಂಗಳೂರಲ್ಲೇ ನಡೆದ ಕೇಸು. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜೆ. ಜಯಲಲಿತಾ ಅವರ ಆಸ್ತಿ ಪ್ರಕರಣ. ಇದು ನೇರವಾಗಿ ಲಂಚ ತಗೊಂಡು ಸಿಕ್ಕಿಬಿದ್ದ ಕೇಸಲ್ಲ, ಆದರೆ ಅದೇ ಭ್ರಷ್ಟಾಚಾರ ತಡೆ ಕಾಯ್ದೆಯ ಕೇಸು. ಆರಿಸ್ಕೊಳ್ಳೋಕೆ ಇನ್ನೊಂದು ಕಾರಣ ಇದೆ. ನಾನು ಓದಿದ್ದು ಬಿ.ಕಾಂ. ಕಾನೂನು ಪುಸ್ತಕ ಅಷ್ಟಕ್ಕಷ್ಟೇ, ಆದರೆ ಒಂದು ಕಾಲಂ ಕೂಡಿ ಕೆಳಗೆ ಟೋಟಲ್ ಬರೆಯೋದು ಗೊತ್ತು. ಈ ಇಡೀ ಕೇಸು ಒಂದು ಹಂತದಲ್ಲಿ ನಿಂತಿದ್ದು ಅಂಥ ಒಂದು ಟೋಟಲ್ ಮೇಲೆ.

ಮೊದಲು ಕೇಸಿನ ಸ್ವರೂಪ ನೋಡೋಣ. ಲಂಚದ ಕೇಸಲ್ಲಿ ಅಧಿಕಾರಿ ದುಡ್ಡು ಕೇಳಿದ, ತಗೊಂಡ ಅಂತ ಸರ್ಕಾರದ ಕಡೆಯವರು ಸಾಬೀತು ಮಾಡಬೇಕು. ದೂರು ಕೊಟ್ಟವನು ಕೋರ್ಟಲ್ಲಿ ತಿರುಗಿಬಿದ್ದರೆ ಕೇಸೇ ಸಡಿಲ. ಅದಕ್ಕೇ ಕಾಯ್ದೆಯಲ್ಲಿ ಇನ್ನೊಂದು ದಾರಿ ಇದೆ: ಯಾರು ಕೊಟ್ಟರು, ಯಾವಾಗ ಕೊಟ್ಟರು ಅನ್ನೋದನ್ನ ಬಿಡಿ, ನಿಮ್ಮ ಹತ್ತಿರ ಇಷ್ಟು ಆಸ್ತಿ ಇದೆ, ನಿಮ್ಮ ಗೊತ್ತಿರೋ ಆದಾಯ ಇಷ್ಟು, ಮಧ್ಯದ ಅಂತರಕ್ಕೆ ಲೆಕ್ಕ ಕೊಡಿ. ಸರ್ಕಾರ ಅಂತರ ತೋರಿಸಿದ ಮೇಲೆ ಸಮಾಧಾನಕರವಾಗಿ ವಿವರಣೆ ಕೊಡೋ ಹೊಣೆ ಅಧಿಕಾರದಲ್ಲಿದ್ದವರದ್ದು. ಮುಖ್ಯಮಂತ್ರಿಯೂ ಕಾನೂನಿನ ಕಣ್ಣಲ್ಲಿ ಸಾರ್ವಜನಿಕ ಸೇವಕರೇ. 1988ರ ಕಾಯ್ದೆಯ ಸೆಕ್ಷನ್ 13(1)(ಇ) ಇದು. 2018ರ ತಿದ್ದುಪಡಿ ಆದ ಮೇಲೆ ಅದೇ ವಿಷಯ 13(1)(ಬಿ) ಆಗಿದೆ.

ಸೂತ್ರ ಸರಳ. ಅವಧಿಯ ಕೊನೆಗೆ ಸೇರಿದ ಆಸ್ತಿ, ಅದಕ್ಕೆ ಆ ಅವಧಿಯಲ್ಲಿ ಮಾಡಿದ ಖರ್ಚು ಕೂಡಿಸಿ. ಅದರಿಂದ ಆದಾಯ ಕಳೀರಿ. ಉಳಿದದ್ದೇ ಲೆಕ್ಕ ಸಿಗದ ದುಡ್ಡು. ಅದು ಆದಾಯದ ಶೇಕಡಾ ಎಷ್ಟು ಅಂತ ನೋಡಿ. ತಿಂಗಳಿಗೆ 30 ಸಾವಿರ ದುಡಿಯೋ ಹುಡುಗ ವರ್ಷದಲ್ಲಿ 25 ಲಕ್ಷದ ಕಾರು ನಗದು ಕೊಟ್ಟು ತಂದರೆ ಓಣಿಯವರೆಲ್ಲ ಮನಸ್ಸಲ್ಲೇ ಮಾಡೋ ಲೆಕ್ಕ ಇದೇ.

ಜಯಲಲಿತಾ ಕೇಸಲ್ಲಿ ಆ ಅವಧಿ 1991ರ ಜುಲೈ 1ರಿಂದ 1996ರ ಏಪ್ರಿಲ್ 30. ಅಂದರೆ ಅವರು ಮೊದಲ ಸಲ ಮುಖ್ಯಮಂತ್ರಿ ಆಗಿದ್ದ ಕಾಲ. ಶುರುವಲ್ಲಿ ಅವರ ಕಡೆ ಇದ್ದ ಆಸ್ತಿ ಸುಮಾರು 2 ಕೋಟಿ. ಸಂಬಳ ಅಂತ ತಿಂಗಳಿಗೆ ತಗೊಳ್ತಿದ್ದದ್ದು 1 ರೂಪಾಯಿ. ಅವಧಿ ಮುಗಿಯೋ ಹೊತ್ತಿಗೆ ಲೆಕ್ಕ ಸಿಗದ ಆಸ್ತಿ 66.65 ಕೋಟಿ ಅನ್ನೋದು ತಮಿಳುನಾಡಿನ ತನಿಖಾ ಸಂಸ್ಥೆಯ ಆರೋಪ. ಜೊತೆಗೆ ಮೂವರು ಆರೋಪಿಗಳು: ವಿ.ಕೆ. ಶಶಿಕಲಾ, ಸಾಕುಮಗ ಅನ್ನಿಸಿಕೊಂಡಿದ್ದ ವಿ.ಎನ್. ಸುಧಾಕರನ್, ಜೆ. ಇಳವರಸಿ. ಇವರು ಸರ್ಕಾರಿ ಸೇವಕರಲ್ಲ, ಆಸ್ತಿ ಇವರ ಮತ್ತು ಇವರ ಕಂಪನಿಗಳ ಹೆಸರಲ್ಲೂ ಇತ್ತು. ಇವರ ಮೇಲಿದ್ದದ್ದು ಒಳಸಂಚು, ಕುಮ್ಮಕ್ಕಿನ ಆರೋಪ.

ಚೆನ್ನೈಯ ಕೇಸು ಬೆಂಗಳೂರಿಗೆ ಯಾಕೆ ಬಂತು? 2001ರಲ್ಲಿ ಜಯಲಲಿತಾ ಮತ್ತೆ ಅಧಿಕಾರಕ್ಕೆ ಬಂದರು. ಅದಾದ ಮೇಲೆ 76 ಸಾಕ್ಷಿಗಳನ್ನ ಮತ್ತೆ ಕರೆಸಲಾಯ್ತು, ಅವರಲ್ಲಿ ಬಹುಪಾಲು ಜನ ಹಿಂದೆ ಹೇಳಿದ್ದಕ್ಕೆ ಉಲ್ಟಾ ಹೊಡೆದರು. ಸರ್ಕಾರಿ ವಕೀಲರು ಅದನ್ನ ಪ್ರಶ್ನೆ ಮಾಡಲಿಲ್ಲ. ಮಾಡೋದಾದ್ರೂ ಹೇಗೆ, ಅವರನ್ನ ನೇಮಿಸಿದ್ದೇ ಆರೋಪಿಯ ಸರ್ಕಾರ. ಡಿಎಂಕೆಯ ಕೆ. ಅನ್ಬಳಗನ್ ಸುಪ್ರೀಂ ಕೋರ್ಟಿಗೆ ಹೋದರು. 2003ರ ನವೆಂಬರ್ 18ಕ್ಕೆ ಸುಪ್ರೀಂ ಕೋರ್ಟು ಕೇಸನ್ನ ಕರ್ನಾಟಕಕ್ಕೆ ವರ್ಗಾಯಿಸಿತು. ಅವತ್ತಿಂದ ಈ ಕೇಸು ನಡೆಸೋ ಹೊಣೆ ಪೂರ್ತಿ ಕರ್ನಾಟಕ ಸರ್ಕಾರದ್ದು. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

2014ರ ಸೆಪ್ಟೆಂಬರ್ 27. ಭದ್ರತೆ ಕಾರಣಕ್ಕೆ ಪರಪ್ಪನ ಅಗ್ರಹಾರದಲ್ಲೇ ಕೋರ್ಟು ಕೂತಿತ್ತು. ವಿಶೇಷ ನ್ಯಾಯಾಧೀಶ ಜಾನ್ ಮೈಕಲ್ ಕುನ್ಹಾ ಅವರ ಲೆಕ್ಕ ಹೀಗಿತ್ತು: ಆಸ್ತಿ 55.02 ಕೋಟಿ, ಖರ್ಚು 8.49 ಕೋಟಿ, ಆದಾಯ 9.91 ಕೋಟಿ. ಕೂಡಿ ಕಳೆದರೆ 53.60 ಕೋಟಿಗೆ ಲೆಕ್ಕ ಇಲ್ಲ. ಅಂದರೆ ಆದಾಯದ ಐದು ಪಟ್ಟಿಗಿಂತ ಹೆಚ್ಚು. ನಾಲ್ವರಿಗೂ 4 ವರ್ಷ ಜೈಲು. ಜಯಲಲಿತಾಗೆ 100 ಕೋಟಿ ದಂಡ, ಉಳಿದ ಮೂವರಿಗೆ ತಲಾ 10 ಕೋಟಿ.

ಇಲ್ಲಿ ಜನ ಗೊಂದಲ ಮಾಡ್ಕೊಳ್ಳೋ ಎರಡು ವಿಷಯ ಇದೆ. ಅಪೀಲು ಹಾಕಿದ ತಕ್ಷಣ ಎಲ್ಲ ನಿಂತುಹೋಗಲ್ಲ. ಶಿಕ್ಷೆ ಅಮಾನತು ಅನ್ನೋದು ಬೇರೆ, ದೋಷಿ ಅನ್ನೋ ತೀರ್ಮಾನಕ್ಕೆ ತಡೆ ಅನ್ನೋದು ಬೇರೆ. ಶಿಕ್ಷೆ ಅಮಾನತಾದರೆ ಜೈಲಿಂದ ಹೊರಗೆ ಬರ್ತೀರಿ, ಅಷ್ಟೇ. ದೋಷಿ ಅನ್ನೋ ಪಟ್ಟ ಹಾಗೇ ಇರುತ್ತೆ. 2013ರ ಜುಲೈ 10ರಂದು ಲಿಲಿ ಥಾಮಸ್ ಕೇಸಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ, ಶಿಕ್ಷೆಯಾದ ಶಾಸಕ ಅಪೀಲು ಹಾಕಿದ್ದೀನಿ ಅಂತ ಸೀಟಲ್ಲಿ ಕೂರೋ ಹಾಗಿಲ್ಲ. ಹಾಗಾಗಿ ಜಯಲಲಿತಾ ಆ ದಿನವೇ ಶಾಸಕಿ ಸ್ಥಾನ, ಮುಖ್ಯಮಂತ್ರಿ ಸ್ಥಾನ ಎರಡೂ ಕಳ್ಕೊಂಡರು. ಒ. ಪನ್ನೀರ್‌ಸೆಲ್ವಂ ಕುರ್ಚಿಗೆ ಬಂದರು. ಅಕ್ಟೋಬರ್ 7ಕ್ಕೆ ಕರ್ನಾಟಕ ಹೈಕೋರ್ಟು ಜಾಮೀನು ಕೊಡಲಿಲ್ಲ, 17ಕ್ಕೆ ಸುಪ್ರೀಂ ಕೋರ್ಟು ಕೊಟ್ಟಿತು. ಹೊರಗೆ ಬಂದರು, ಕುರ್ಚಿ ಮಾತ್ರ ವಾಪಸ್ ಸಿಗಲಿಲ್ಲ. ಅದು ಸಿಗಬೇಕಾದ್ರೆ ಹೈಕೋರ್ಟು ಖುಲಾಸೆ ಮಾಡಬೇಕಿತ್ತು. ಒಂದು ರಾಜ್ಯವನ್ನ ಯಾರು ಆಳಬೇಕು ಅನ್ನೋದು ಹೀಗೆ ಬೆಂಗಳೂರಿನ ಒಂದು ಕೋರ್ಟ್ ಹಾಲ್‌ನ ಲೆಕ್ಕಕ್ಕೆ ಬಂದು ನಿಂತಿತು.

ಇನ್ನು ಮೊದಲ ಅಪೀಲು. ಹೈಕೋರ್ಟು ಬರೀ 'ಕೆಳಗಿನ ಜಡ್ಜು ಕಾನೂನು ಸರಿಯಾಗಿ ಓದಿದ್ದಾರಾ' ಅಂತ ನೋಡಿ ಸುಮ್ಮನಾಗಲ್ಲ. ಸಾಕ್ಷ್ಯವನ್ನ ಮೊದಲಿಂದ ತೂಗುತ್ತೆ. ಪ್ರತಿ ಕಟ್ಟಡ, ಪ್ರತಿ ಮದುವೆ ಖರ್ಚು, ಪ್ರತಿ ತೋಟದ ಆದಾಯ, ಎಲ್ಲ ಮತ್ತೆ ಟೇಬಲ್ ಮೇಲೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಮರುಮೌಲ್ಯಮಾಪನ. ಪೇಪರ್ ಅದೇ, ಮಾರ್ಕ್ಸ್ ಪೂರ್ತಿ ಬೇರೆ ಬರಬಹುದು. ಅದರಲ್ಲಿ ತಪ್ಪೇನೂ ಇಲ್ಲ, ಇರಬೇಕಾದ್ದೇ ಹಾಗೆ. ಒಬ್ಬ ಜಡ್ಜಿನ ಮಾತೇ ಕೊನೆ ಅಂತಾದ್ರೆ ಅದೂ ಭಯದ ವಿಷಯವೇ.

ನ್ಯಾಯಮೂರ್ತಿ ಸಿ.ಆರ್. ಕುಮಾರಸ್ವಾಮಿ ಅವರ ಮುಂದೆ 2015ರ ಜನವರಿಯಲ್ಲಿ ವಿಚಾರಣೆ ಶುರುವಾಯ್ತು. ಇಲ್ಲೊಂದು ವಿಚಿತ್ರ. ಸರ್ಕಾರದ ಪರ ವಾದ ಮಾಡಿದ ಜಿ. ಭವಾನಿ ಸಿಂಗ್ ಅವರನ್ನ ಅಪೀಲಿಗೆ ನೇಮಿಸಿದ್ದು ತಮಿಳುನಾಡು ಸರ್ಕಾರ. ಕೇಸು ನಡೆಸೋ ಹೊಣೆ ಕರ್ನಾಟಕದ್ದು ಅಂದೆನಲ್ಲ, ಆದರೂ ಹೀಗಾಯ್ತು. ಅನ್ಬಳಗನ್ ಮತ್ತೆ ಸುಪ್ರೀಂ ಕೋರ್ಟಿಗೆ ಹೋದರು. ಆ ನೇಮಕ ಕಾನೂನಿನಲ್ಲಿ ನಿಲ್ಲಲ್ಲ ಅಂತ ಸುಪ್ರೀಂ ಕೋರ್ಟು ಏಪ್ರಿಲ್ 27ಕ್ಕೆ ಹೇಳಿತು, ಆದರೆ ಅಷ್ಟರಲ್ಲಿ ವಾದವೆಲ್ಲ ಮುಗಿದಿತ್ತು. ಹೊಸದಾಗಿ ವಿಚಾರಣೆ ಬೇಡ, ಕರ್ನಾಟಕ ಬೇಗ ಬರವಣಿಗೆಯಲ್ಲಿ ವಾದ ಕೊಡಲಿ ಅಂತಾಯ್ತು. ಬಿ.ವಿ. ಆಚಾರ್ಯ ಅವರು ಕರ್ನಾಟಕದ ಪರ ಮರುದಿನವೇ ಲಿಖಿತ ವಾದ ಸಲ್ಲಿಸಿದರು. ಅಂದರೆ ಶಿಕ್ಷೆ ಕೊಡಿಸಿದ ರಾಜ್ಯಕ್ಕೆ ಅಪೀಲಲ್ಲಿ ಬಾಯಿಬಿಟ್ಟು ವಾದ ಮಾಡೋ ಅವಕಾಶವೇ ಸರಿಯಾಗಿ ಸಿಗಲಿಲ್ಲ. ಇದರ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ. ನನಗೆ ಮಾತ್ರ ಮುಂದೆ ಆದ ತಪ್ಪಿಗೂ ಇದಕ್ಕೂ ನಂಟಿದೆ ಅನ್ಸುತ್ತೆ. ಎದುರು ಕಡೆಯವರು ಗಟ್ಟಿಯಾಗಿ ಕೂತು ಒಂದೊಂದು ಐಟಂಗೂ ಜಗಳ ಆಡಿದ್ರೆ ಟೋಟಲ್ ಕಡೆಗೂ ಕಣ್ಣು ಹೋಗ್ತಿತ್ತೇನೋ.

ಮೇ 11ಕ್ಕೆ ತೀರ್ಪು. 919 ಪುಟ. ನಾಲ್ವರೂ ಖುಲಾಸೆ.

ಹೈಕೋರ್ಟಿನ ಲೆಕ್ಕ ನೋಡೋಣ. ಮೊದಲು ಆಸ್ತಿ ಕಡೆ. ಕಟ್ಟಡಗಳಿಗೆ 27.79 ಕೋಟಿ ಆಯ್ತು ಅಂತ ತನಿಖಾ ಸಂಸ್ಥೆ ಹೇಳಿತ್ತು, ಹೈಕೋರ್ಟು 5.10 ಕೋಟಿ ಸಾಕು ಅಂದಿತು. ಸುಧಾಕರನ್ ಮದುವೆ, 1995ರ ಸೆಪ್ಟೆಂಬರ್‌ನದ್ದು, ಇಡೀ ದೇಶ ಬಾಯಿಬಿಟ್ಕೊಂಡು ನೋಡಿದ ಮದುವೆ. ಅದಕ್ಕೆ ತನಿಖಾ ಸಂಸ್ಥೆಯ ಲೆಕ್ಕ 6.45 ಕೋಟಿ. ಕುನ್ಹಾ 3 ಕೋಟಿ ಹಿಡಿದಿದ್ದರು. ಹೈಕೋರ್ಟು 28.68 ಲಕ್ಷ ಹಿಡಿಯಿತು. ಹೀಗೆಲ್ಲ ಇಳಿಸಿ ಒಟ್ಟು ಆಸ್ತಿ 37.59 ಕೋಟಿ ಅಂತ ಬಂತು. ಇವೆಲ್ಲ ಜಡ್ಜಿನ ಅಂದಾಜು, ಅಭಿಪ್ರಾಯ. ಒಪ್ಪಬಹುದು, ಒಪ್ಪದೇ ಇರಬಹುದು.

ಆಮೇಲೆ ಆದಾಯ. ಹೈದರಾಬಾದಿನ ದ್ರಾಕ್ಷಿ ತೋಟದ ಆದಾಯ 52.50 ಲಕ್ಷ ಅಂತ ಆರೋಪಿ ಕಡೆಯವರು ಹೇಳಿದ್ದನ್ನ ಒಪ್ಪಿತು. ಹುಟ್ಟುಹಬ್ಬಕ್ಕೆ ಬಂದ ಉಡುಗೊರೆ ಅಂತ 1.5 ಕೋಟಿ ಸೇರಿಸಿತು. ಜಯಾ ಪಬ್ಲಿಕೇಷನ್ಸ್‌ಗೆ 4 ಕೋಟಿ. ಸೂಪರ್ ಡೂಪರ್ ಟಿವಿ ಅನ್ನೋ ಸಂಸ್ಥೆಗೆ 1 ಕೋಟಿ. ಆಮೇಲೆ ಬಂತು ದೊಡ್ಡ ಐಟಂ: ಬ್ಯಾಂಕಿಂದ, ಬೇರೆ ಕಡೆಯಿಂದ ತಗೊಂಡ ಸಾಲ.

ಕಾಮರ್ಸ್ ಓದಿದವರು ಇಲ್ಲಿ ಹುಬ್ಬು ಏರಿಸ್ತಾರೆ. ಸಾಲ ಹೇಗೆ ಆದಾಯ ಆಗುತ್ತೆ? ಲಾಭ ನಷ್ಟದ ಪಟ್ಟಿಯಲ್ಲಿ ಆಗಲ್ಲ. ಆದರೆ ಇಲ್ಲಿ ಮಾಡ್ತಿರೋದು ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು ಅನ್ನೋ ಪಟ್ಟಿ. ಬ್ಯಾಂಕ್ ಸಾಲದಿಂದ ಸೈಟು ತಗೊಂಡರೆ ಆ ಸೈಟಿಗೆ ದುಡ್ಡಿನ ಮೂಲ ಸಿಕ್ಕಂತಾಯ್ತು, ಅಷ್ಟರ ಮಟ್ಟಿಗೆ ಸಾಲವನ್ನ ಲೆಕ್ಕಕ್ಕೆ ತಗೊಳ್ಳೋದು ನ್ಯಾಯವೇ. ನನಗೆ ಸರಿ ಕಾಣದ್ದು ಇನ್ನೊಂದು. ಕೊನೆಗೆ ಶೇಕಡಾ ತೆಗೆಯುವಾಗ ಅದೇ ಸಾಲವನ್ನ 'ಆದಾಯ' ಅಂತ ಕೆಳಗಿಟ್ಟು ಭಾಗಿಸಿದರೆ ಶೇಕಡಾ ತಾನಾಗೇ ಚಿಕ್ಕದಾಗಿ ಕಾಣುತ್ತೆ. ಇರಲಿ, ಅದು ನನ್ನ ತಕರಾರು.

ತೀರ್ಪಿನಲ್ಲಿ ಹತ್ತು ಸಾಲಗಳ ಪಟ್ಟಿ ಇದೆ. ಕೆಳಗೆ ಟೋಟಲ್: 24,17,31,274 ರೂಪಾಯಿ. ಇದರಲ್ಲಿ ತನಿಖಾ ಸಂಸ್ಥೆ ಆಗಲೇ ಒಪ್ಪಿದ್ದ 5.99 ಕೋಟಿ ಕಳೆದು, ಉಳಿದ 18.17 ಕೋಟಿಯನ್ನ ಆದಾಯಕ್ಕೆ ಸೇರಿಸಲಾಯ್ತು. ಒಟ್ಟು ಆದಾಯ 34,76,65,654 ಆಯ್ತು. ಆಸ್ತಿ 37,59,02,466. ಅಂತರ 2,82,36,812. ಆದಾಯದ ಶೇಕಡಾ 8.12.

ಈ 8.12 ಯಾಕೆ ಮುಖ್ಯ? ಕೃಷ್ಣಾನಂದ ಅಗ್ನಿಹೋತ್ರಿ ಅನ್ನೋ ಸರ್ಕಾರಿ ಸೇವಕರ ಕೇಸಲ್ಲಿ ಸುಪ್ರೀಂ ಕೋರ್ಟು, ಹೆಚ್ಚುವರಿ ಆಸ್ತಿ ಆದಾಯದ ಶೇಕಡಾ 10ಕ್ಕಿಂತ ಕಡಿಮೆ ಇರೋದ್ರಿಂದ ಅದನ್ನ ಅಸಮ ಅಂತ ಹೇಳೋಕೆ ಬರಲ್ಲ ಅಂದಿತ್ತು. ಮನೆಯ ಲೆಕ್ಕ ಪೈಸೆ ಪೈಸೆ ಯಾರೂ ಇಟ್ಟಿರಲ್ಲ, ಅಲ್ಪಸ್ವಲ್ಪ ಹೆಚ್ಚುಕಮ್ಮಿ ಬರುತ್ತೆ ಅನ್ನೋ ಮಾನವೀಯ ವಿನಾಯಿತಿ ಅದು. ಆಂಧ್ರ ಸರ್ಕಾರದ ಒಂದು ಸುತ್ತೋಲೆ ಶೇಕಡಾ 20ರವರೆಗೂ ಸಡಿಲ ಕೊಟ್ಟಿತ್ತು. ಇವೆರಡನ್ನೂ ಹೈಕೋರ್ಟು ಹಿಡ್ಕೊಂಡಿತು. 8.12 ಹತ್ತರ ಒಳಗಿದೆ, ಹಾಗಾಗಿ ಖುಲಾಸೆ.

ತೀರ್ಪು ಹೊರಬಂದ ಬೆನ್ನಲ್ಲೇ ಆಚಾರ್ಯ ಅವರು ಮಾಡಿದ್ದು ನಮ್ಮೂರ ಕಿರಾಣಿ ಅಂಗಡಿಯವರು ಮಾಡೋ ಕೆಲಸ. ಹತ್ತು ಐಟಂ ಮತ್ತೆ ಕೂಡಿದರು. 24,17,31,274 ಬರಲಿಲ್ಲ. ಬಂದದ್ದು 10,67,31,274. ವ್ಯತ್ಯಾಸ 13,50,00,000. ಸರಿಯಾಗಿ ಹದಿಮೂರೂವರೆ ಕೋಟಿ, ಒಂದು ರೂಪಾಯಿ ಹೆಚ್ಚಿಲ್ಲ, ಕಮ್ಮಿ ಇಲ್ಲ.

ಈಗ ನಿಮ್ಮ ಫೋನ್‌ನ ಕ್ಯಾಲ್ಕುಲೇಟರ್ ತೆಗೀರಿ. ಹೈಕೋರ್ಟು ಒಪ್ಪಿದ ಬೇರೆ ಯಾವುದನ್ನೂ ಮುಟ್ಟಬೇಡಿ. ಮದುವೆಗೆ 28 ಲಕ್ಷವೇ ಇರಲಿ, ದ್ರಾಕ್ಷಿ ತೋಟಕ್ಕೆ 52 ಲಕ್ಷವೇ ಇರಲಿ, ಉಡುಗೊರೆಯೂ ಇರಲಿ. ಬರೀ ಕೂಡೋ ತಪ್ಪನ್ನ ಸರಿಮಾಡಿ. ಆದಾಯ 34.76 ಕೋಟಿಯಿಂದ 21.26 ಕೋಟಿಗೆ ಇಳಿಯುತ್ತೆ. ಅಂತರ 2.82 ಕೋಟಿಯಿಂದ 16.32 ಕೋಟಿಗೆ ಏರುತ್ತೆ. 16.32ನ್ನ 21.26ರಿಂದ ಭಾಗಿಸಿ. ಶೇಕಡಾ 76.75.

8.12 ಎಲ್ಲಿ, 76.75 ಎಲ್ಲಿ! ಇಷ್ಟು ದೊಡ್ಡ ಜಿಗಿತ ಯಾಕೆ ಅಂದ್ರೆ ಆ ಹದಿಮೂರೂವರೆ ಕೋಟಿ ಎರಡು ಕಡೆಯಿಂದ ಕೆಲಸ ಮಾಡಿತ್ತು. ಆದಾಯ ಸುಮ್ಮಸುಮ್ಮನೆ ಹೆಚ್ಚಾದಾಗ ಮೇಲಿನ ಅಂಕಿ, ಅಂದರೆ ಅಂತರ ಕುಗ್ಗುತ್ತೆ. ಅದೇ ಹೊತ್ತಿಗೆ ಭಾಗಿಸೋ ಕೆಳಗಿನ ಅಂಕಿ ಹಿಗ್ಗುತ್ತೆ. ಎರಡೂ ಸೇರಿ ಶೇಕಡಾವನ್ನ ನೆಲಕ್ಕೆ ಇಳಿಸುತ್ತವೆ. ಶೇಕಡಾ ಲೆಕ್ಕದ ಹಿಂದೆ ಯಾರಾದ್ರೂ ಏನಾದ್ರೂ ಮುಚ್ಚಿಡ್ತಿದ್ದಾರಾ ಅಂತ ನೋಡಬೇಕಾದ್ರೆ ಮೊದಲು ಕೆಳಗಿನ ಅಂಕಿ ಕೇಳಿ ಅಂತ ಆಡಿಟಿಂಗ್ ಓದಿದವರಿಗೆ ಗೊತ್ತಿರುತ್ತೆ.

ಇನ್ನೊಂದು ಸಣ್ಣ ಕುತೂಹಲ, ಬಿ.ಕಾಂ ಹುಡುಗ ಹುಡುಗಿಯರಿಗೆ ಮಾತ್ರ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ವ್ಯತ್ಯಾಸವನ್ನ 9ರಿಂದ ಭಾಗಿಸಿ ನೋಡು ಅಂತ ಮೇಷ್ಟ್ರು ಹೇಳಿಕೊಡ್ತಾರಲ್ಲ. ಭಾಗ ಹೋದ್ರೆ ಅಂಕಿ ಅದಲುಬದಲಾಗಿರಬಹುದು, ಇಲ್ಲ ಸೊನ್ನೆ ಹೆಚ್ಚಾಗಿರಬಹುದು. 13.5 ಕೋಟಿಯನ್ನ 9ರಿಂದ ಭಾಗಿಸಿ: ಸರಿಯಾಗಿ 1.5 ಕೋಟಿ. ಒಂದೂವರೆ ಕೋಟಿಗೆ ಒಂದು ಸೊನ್ನೆ ಜಾಸ್ತಿ ಬಿದ್ದರೆ 15 ಕೋಟಿ ಆಗುತ್ತೆ, ವ್ಯತ್ಯಾಸ 13.5 ಕೋಟಿ. ಕೋರ್ಟಲ್ಲಿ ಆಗಿದ್ದು ಇದೇ ಅಂತ ನಾನು ಹೇಳ್ತಿಲ್ಲ, ತೀರ್ಪಲ್ಲಿ ಅದಕ್ಕೆ ವಿವರಣೆ ಇಲ್ಲ. ಅಂಕಿ ಮಾತ್ರ ಹಾಗೆ ಹೊಂದುತ್ತೆ.

'ತಪ್ಪು ಅಂತ ಗೊತ್ತಾದ ಮೇಲೆ ಹೈಕೋರ್ಟೇ ಸರಿಮಾಡಬಹುದಿತ್ತಲ್ಲ?' ಒಳ್ಳೇ ಪ್ರಶ್ನೆ. ಆಗಿನ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 362ರ ಪ್ರಕಾರ, ಸಹಿ ಹಾಕಿದ ತೀರ್ಪನ್ನ ಕೋರ್ಟು ಮತ್ತೆ ಮುಟ್ಟೋ ಹಾಗಿಲ್ಲ. ಒಂದೇ ವಿನಾಯಿತಿ: ಬರವಣಿಗೆಯ ತಪ್ಪು, ಅಂಕಗಣಿತದ ತಪ್ಪು ತಿದ್ದಬಹುದು. ಇದು ಅಂಕಗಣಿತದ ತಪ್ಪೇ. ಆದರೆ ತಿದ್ದಿದ ಮರುಕ್ಷಣ ಶೇಕಡಾ 10ರ ಆಸರೆ ಬಿದ್ದುಹೋಗುತ್ತೆ, ಖುಲಾಸೆಗೆ ಕೊಟ್ಟ ಕಾರಣವೇ ಇಲ್ಲವಾಗುತ್ತೆ. ಸೊನ್ನೆ ಅಳಿಸೋ ಕೆಲಸ ಹೋಗಿ ತೀರ್ಪನ್ನೇ ಬದಲಾಯಿಸೋ ಕೆಲಸ ಆಗುತ್ತೆ. ಅದಕ್ಕೆ ದಾರಿ ಮೇಲಿನ ಕೋರ್ಟೇ.

ಮೇ 23ಕ್ಕೆ ಜಯಲಲಿತಾ ಮತ್ತೆ ಮುಖ್ಯಮಂತ್ರಿಯಾಗಿ ಪ್ರಮಾಣ ವಚನ ತಗೊಂಡರು. ಜೂನ್ 1ಕ್ಕೆ ಕರ್ನಾಟಕ ಸಚಿವ ಸಂಪುಟ ಅಪೀಲು ಹೋಗೋಕೆ ತೀರ್ಮಾನ ಮಾಡಿತು. 'ಪಕ್ಕದ ರಾಜ್ಯದ ಗಲಾಟೆ, ನಮಗ್ಯಾಕೆ' ಅನ್ನೋ ಮಾತು ಆಗ ಇಲ್ಲಿ ಕೇಳಿಬಂದಿತ್ತು. ಕಾವೇರಿ ಒಂದು ಕಡೆ, ಇದು ಇನ್ನೊಂದು ಕಡೆ ಅನ್ನೋ ಲೆಕ್ಕಾಚಾರ. ಆದರೆ ಕೇಸು ನಡೆಸೋ ಹೊಣೆ ಕರ್ನಾಟಕದ ಒಬ್ಬರದ್ದೇ ಆಗಿದ್ದಾಗ, ಕರ್ನಾಟಕ ಸುಮ್ಮನೆ ಕೂತರೆ ಆ ತಪ್ಪು ಟೋಟಲ್ಲೇ ಕೊನೆ ಮಾತಾಗ್ತಿತ್ತು. ಅಪೀಲು ಹೋಗಿದ್ದು ಸರಿಯಾದ ಕೆಲಸ ಅಂತಲೇ ನನ್ನ ಅಭಿಪ್ರಾಯ.

ಸುಪ್ರೀಂ ಕೋರ್ಟಲ್ಲಿ ವಾದ ಮುಗಿದು 2016ರ ಜೂನ್ 7ಕ್ಕೆ ತೀರ್ಪು ಕಾಯ್ದಿರಿಸಲಾಯ್ತು. ಡಿಸೆಂಬರ್ 5ಕ್ಕೆ ಜಯಲಲಿತಾ ತೀರಿಕೊಂಡರು. 2017ರ ಫೆಬ್ರವರಿ 14ಕ್ಕೆ ನ್ಯಾಯಮೂರ್ತಿಗಳಾದ ಪಿನಾಕಿ ಚಂದ್ರ ಘೋಷ್, ಅಮಿತಾವ ರಾಯ್ ತೀರ್ಪು ಕೊಟ್ಟರು. ಹೈಕೋರ್ಟಿನ ಖುಲಾಸೆ ರದ್ದು, ಕುನ್ಹಾ ಅವರ ತೀರ್ಪು ಉಳಿದ ಮೂವರಿಗೆ ಪೂರ್ತಿಯಾಗಿ ಮತ್ತೆ ಜಾರಿ.

ಸುಪ್ರೀಂ ಕೋರ್ಟು ಬರೀ ಕೂಡೋ ತಪ್ಪು ಹಿಡಿದು ಮುಗಿಸಲಿಲ್ಲ, ಒಂದೊಂದೇ ಐಟಂ ಬಿಚ್ಚಿತು. ಶೇಕಡಾ 10ರ ವಿನಾಯಿತಿ ಇಂಥ ಕೇಸಿಗೆ ಅನ್ವಯಿಸಲ್ಲ ಅಂದಿತು. ಅಧಿಕಾರದಲ್ಲಿದ್ದವರಿಗೆ ಬಂದ ಉಡುಗೊರೆಯನ್ನ ಕಾನೂನುಬದ್ಧ ಆದಾಯ ಅಂತ ಹಿಡಿಯೋಕೆ ಬರಲ್ಲ ಅಂದಿತು. ನನಗೆ ಅತಿ ಮುಖ್ಯ ಅನ್ಸಿದ್ದು ತೆರಿಗೆ ವಿಷಯ. ಆರೋಪಿಗಳ ದೊಡ್ಡ ವಾದ ಏನಂದ್ರೆ, ನಾವು ರಿಟರ್ನ್ ಹಾಕಿದ್ದೀವಿ, ಆದಾಯ ತೆರಿಗೆ ಇಲಾಖೆ ಒಪ್ಪಿದೆ, ಇನ್ನೇನು ಬೇಕು? ಸುಪ್ರೀಂ ಕೋರ್ಟು ಒಪ್ಪಲಿಲ್ಲ. ತೆರಿಗೆ ಇಲಾಖೆ ಕೇಳೋದು 'ಎಷ್ಟು ಬಂತು, ಅದಕ್ಕೆ ತೆರಿಗೆ ಕಟ್ಟಿದ್ಯಾ' ಅಂತ. ಭ್ರಷ್ಟಾಚಾರ ಕೇಸಲ್ಲಿ ಕೇಳೋದು 'ಎಲ್ಲಿಂದ ಬಂತು' ಅಂತ. ಮೊದಲ ಪ್ರಶ್ನೆಗೆ ಕೊಟ್ಟ ಉತ್ತರವನ್ನೇ ಎರಡನೇ ಪ್ರಶ್ನೆಗೆ ಸಾಕ್ಷಿ ಅಂತ ತೋರಿಸೋಕಾಗಲ್ಲ. 'ಐಟಿಆರ್ ಫೈಲ್ ಮಾಡಿಬಿಟ್ರೆ ದುಡ್ಡು ವೈಟ್ ಆಗುತ್ತೆ ಬಿಡು' ಅಂತ ಹೇಳೋ ಫ್ರೆಂಡ್ ನಿಮಗೂ ಇದ್ದರೆ ಈ ಪ್ಯಾರಾ ಕಳಿಸಿ.

ಹಾಗಾದ್ರೆ ಜಯಲಲಿತಾ ದೋಷಿಯೋ, ಅಲ್ಲವೋ? ಇಲ್ಲಿ ಜನ ಎರಡೂ ಕಡೆಯಿಂದ ತಪ್ಪು ಹೇಳ್ತಾರೆ. ಅಪೀಲು ಬಾಕಿ ಇರುವಾಗ ವ್ಯಕ್ತಿ ತೀರಿಕೊಂಡರೆ ಅವರ ಮಟ್ಟಿಗೆ ಅಪೀಲು ಅಲ್ಲಿಗೇ ನಿಲ್ಲುತ್ತೆ. ಕಾನೂನಿನ ಮಾತಲ್ಲಿ ಅಬೇಟ್ ಆಗುತ್ತೆ. ಸತ್ತವರನ್ನ ಜೈಲಿಗೆ ಹಾಕೋಕೆ ಬರಲ್ಲ, ಅವರು ಉತ್ತರ ಕೊಡೋಕೂ ಬರಲ್ಲ. ಜಯಲಲಿತಾ ಮೇಲಿನ ಅಪೀಲು ಹಾಗೇ ನಿಂತಿತು, 100 ಕೋಟಿ ದಂಡವೂ ಅಲ್ಲಿಗೇ ಹೋಯ್ತು. ಕರ್ನಾಟಕ ಇದನ್ನ ಬಿಡಲಿಲ್ಲ. ವಾದ ಮುಗಿದು ತೀರ್ಪು ಕಾಯ್ದಿರಿಸಿದ ಮೇಲೆ ತೀರಿಕೊಂಡಿದ್ದಾರೆ, ಅಪೀಲು ನಿಲ್ಲಬಾರದು, ದಂಡ ವಸೂಲಾಗಬೇಕು ಅಂತ ಮರುಪರಿಶೀಲನಾ ಅರ್ಜಿ ಹಾಕಿತು. 2017ರ ಏಪ್ರಿಲ್‌ನಲ್ಲಿ ಅದು ವಜಾ ಆಯ್ತು. ಹಾಗಿದ್ದರೂ ಉಳಿದ ಮೂವರು ಯಾರ ಆಸ್ತಿಗೆ ಕುಮ್ಮಕ್ಕು ಕೊಟ್ಟರು ಅಂತ ಹೇಳಬೇಕಾದ್ರೆ ಮೊದಲ ಆರೋಪಿಯ ಲೆಕ್ಕ ನೋಡಲೇಬೇಕು. ಆ ಲೆಕ್ಕವನ್ನ ಸುಪ್ರೀಂ ಕೋರ್ಟು ನೋಡಿದೆ, ನಾಲ್ವರ ಒಳಸಂಚಿನ ಬಗ್ಗೆ ಬರೆದಿದೆ. ಶಿಕ್ಷೆ ಮಾತ್ರ ಮೂವರಿಗೆ.

ಮರುದಿನ, ಫೆಬ್ರವರಿ 15ಕ್ಕೆ, ಶಶಿಕಲಾ ಚೆನ್ನೈಯಿಂದ ಬಂದು ಪರಪ್ಪನ ಅಗ್ರಹಾರದಲ್ಲಿ ಶರಣಾದರು. ಅದಕ್ಕೆ ಕೆಲವೇ ದಿನ ಮುಂಚೆ ಅವರನ್ನ ಪಕ್ಷದ ಶಾಸಕಾಂಗ ನಾಯಕಿಯಾಗಿ ಆರಿಸಲಾಗಿತ್ತು, ಮುಖ್ಯಮಂತ್ರಿ ಆಗೋಕೆ ತಯಾರಾಗಿದ್ದರು. ಶಿಕ್ಷೆ ಮುಗಿಸಿ ಹೊರಗೆ ಬಂದದ್ದು 2021ರ ಜನವರಿಯಲ್ಲಿ.

ಕೊನೆಯದಾಗಿ ಒಡವೆಗಳು. ಕೇಸಿನಲ್ಲಿ ಜಪ್ತಿ ಮಾಡಿದ ಚಿನ್ನ, ವಜ್ರ ವರ್ಷಗಟ್ಟಲೆ ಬೆಂಗಳೂರಿನ ಖಜಾನೆಯಲ್ಲಿತ್ತು. ಅಪೀಲು ಅಬೇಟ್ ಆಗಿದೆ, ಅಂದರೆ ಹೈಕೋರ್ಟಿನ ಖುಲಾಸೆಯೇ ಉಳಿದಂತಾಯ್ತು, ಹಾಗಾಗಿ ಆಸ್ತಿ ನಮಗೆ ಕೊಡಿ ಅಂತ ವಾರಸುದಾರರು ಕೇಳಿದರು. ಅಬೇಟ್ ಅನ್ನೋ ಒಂದೇ ಪದವನ್ನ ಅವರು ಹೀಗೆ ಓದಿದರು. 2025ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ಅದನ್ನ ಒಪ್ಪಲಿಲ್ಲ. ಫೆಬ್ರವರಿಯಲ್ಲಿ ಪೆಟ್ಟಿಗೆಗಳನ್ನ ತೆರೆದು, ಒಂದೊಂದೇ ಒಡವೆ ಪಟ್ಟಿಗೆ ಹೋಲಿಸಿ, ತೂಗಿ, ತಮಿಳುನಾಡು ಸರ್ಕಾರದ ಅಧಿಕಾರಿಗಳಿಗೆ ಒಪ್ಪಿಸಲಾಯ್ತು.

ಪ್ರಶ್ನೆಗಳಿದ್ದರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.